ಮೊದಲು ಹಳೆಯದು ಮುಗಿಯಲಿ

ಭಾಗೀರಥಿಯ ಮನೆಯಲ್ಲಿ ಈ ವರ್ಷದ ಉಪ್ಪಿನಕಾಯಿಯನ್ನು ಈ ವರ್ಷವೇ ತಿಂದವರು ಯಾರೂ ಇಲ್ಲ. ಹೋದ ವರ್ಷದ ಭರಣಿಯಲ್ಲಿ ಇನ್ನೂ ಅರ್ಧ ಇರುವಾಗ ಹೊಸ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುವುದುಂಟೇ? ಮೊದಲು ಹಳೆಯದು ಮುಗಿಯಲಿ. ಹಳೆಯದು ಮುಗಿಯುವ ಹೊತ್ತಿಗೆ ಹೊಸದೂ ಹಳೆಯದಾಗಿ, ಅದರ ಹಿಂದೆ ಇನ್ನೊಂದು ಹೊಸ ಭರಣಿ ಬಂದು ಕುಳಿತಿರುತ್ತಿತ್ತು. ಹೊಸ ಚಾದರ ನೆಂಟರಿಗೆ ಎಂದು ಕಪಾಟಿನಲ್ಲಿ ಇರುತ್ತಿತ್ತು. ನೆಂಟರು ಬಂದರೆ, ಇವರಿಗಿಂತ ದೊಡ್ಡ ನೆಂಟರು ಬರಬಹುದು ಎಂದು ಅಲ್ಲೇ ಉಳಿಯುತ್ತಿತ್ತು.

"ಯಂಗಳ ಮನೆಗೆ ಹೊಸ ವರ್ಷ ಹೇಳದು ನೆಟ್ಟಗೆ ಬತ್ತೇ ಇಲ್ಲೆ. ಬಂದ್ರೂ ಒಂದು ವರ್ಷ ಭರಣೀಲಿ ಕೂತ್ಕಳವು," ಎಂದು ಆಕೆಯ ಗಂಡ ಶಂಭುಲಿಂಗ ಹೆಗಡೆ ಬಂದವರ ಮುಂದೆಲ್ಲ ಹೇಳುತ್ತಿದ್ದ. ಶಿರಸಿ–ಯಲ್ಲಾಪುರ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದ ಮನುಷ್ಯ. ಬಸ್ಸು ಬಿಟ್ಟರೂ ಬಾಯಿ ಬಿಟ್ಟಿರಲಿಲ್ಲ.

ಭಾಗೀರಥಿ ಶಿರಸಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಕೆಲಸದಲ್ಲಿ ಬಲು ಚುರುಕು, ಒಂದು ಹತ್ತಿಯ ಉಂಡೆಯನ್ನೂ ದಂಡ ಮಾಡಿದವಳಲ್ಲ. ನಿವೃತ್ತಿಯ ದಿನ ಅವಳಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಒಳ್ಳೆಯ ಮಾತು ಹೇಳಿದರು. ಅವಳ ಕಣ್ಣು ಮಾತ್ರ ಸ್ಟೋರಿನ ಬಾಗಿಲ ಹತ್ತಿರ ಇಟ್ಟಿದ್ದ ಒಂದು ರಟ್ಟಿನ ಪೆಟ್ಟಿಗೆಯ ಮೇಲಿತ್ತು. ಅದರಲ್ಲಿದ್ದದ್ದು ಡೇಟು ಮುಗಿದ ಪ್ಯಾಡುಗಳು. ಹೃದಯ ದಿಢೀರನೆ ನಿಂತವರಿಗೆ ಕರೆಂಟಿನ ಏಟು ಕೊಟ್ಟು ಮತ್ತೆ ಚಾಲೂ ಮಾಡುವ ಮಷಿನ್ನು ಇರುತ್ತದಲ್ಲ, ಅದರ ವೈರಿನ ತುದಿಯಲ್ಲಿ ಎದೆಗೆ ಅಂಟಿಸಲು ಎರಡು ಪ್ಯಾಡು ಇರುತ್ತವೆ. ಅವುಗಳ ಅಂಟು ಕಾಲ ಕಳೆದಂತೆ ಒಣಗುತ್ತದೆ. ಅದಕ್ಕೇ ಅವಕ್ಕೆ ಡೇಟು. ಡೇಟು ಮುಗಿದರೆ ಎಸೆಯುತ್ತಾರೆ.

ಎಸೆಯುವುದು ಎಂಬ ಮಾತೇ ಭಾಗೀರಥಿಗೆ ಆಗದು. "ಜೀವ ಉಳಿಸಲು ಬೇಡ ಸರ್, ಪಾಠಕ್ಕೆ ಆಗ್ತದಲ್ಲ," ಎಂದು ಡಾಕ್ಟರನ್ನು ಕೇಳಿದಳು. ಪಾಠಕ್ಕೆ ಧಾರಾಳ ಆಗುತ್ತದೆ, ಆದರೆ ಒಳ್ಳೆಯದರ ಜತೆ ಬೆರೆಯದ ಹಾಗೆ ಬೇರೆಯೇ ಇಡಿ ಸಿಸ್ಟರ್ ಎಂದರು ಅವರು. ಅವಳು ಹಣ್ಣಿನ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು, ರಟ್ಟಿನ ಪೆಟ್ಟಿಗೆಯನ್ನು ತಾನೇ ಎದೆಗವಚಿಕೊಂಡು ತನ್ನೂರು ತ್ಯಾಗಲಿಯ ಬಸ್ಸು ಹತ್ತಿದಳು.

ಹಾಗೆ ಶುರುವಾಯಿತು ಅವಳ ಪ್ರಥಮ ಚಿಕಿತ್ಸೆಯ ಪಾಠ. ಇದನ್ನು ತಮಾಷೆ ಮಾಡುವ ಹಾಗಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕರೆದಲ್ಲಿಗೆಲ್ಲ ಸ್ವಂತ ಖರ್ಚಿನಲ್ಲಿ ಹೋಗಿ ಕಲಿಸಿದಳು. ಹಾವು ಕಚ್ಚಿದರೆ ಬ್ಲೇಡು ಹಾಕಬೇಡಿ, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು ಬಳಿಯಬೇಡಿ, ಬಿದ್ದವನ ಬಾಯಿಗೆ ನೀರು ಹೊಯ್ಯಬೇಡಿ. ಕೊನೆಗೆ ಎದೆ ಒತ್ತುವ ಪಾಠ, ಪ್ಯಾಡು ಹಚ್ಚುವ ಪಾಠ. ಒತ್ತಲಿಕ್ಕೆ ಒಬ್ಬ ಬೆರ್ಚಪ್ಪ ಇದ್ದ. ಗದ್ದೆಯಲ್ಲಿ ಹಕ್ಕಿ ಓಡಿಸಲು ನಿಲ್ಲಿಸುತ್ತಾರಲ್ಲ, ಅಂಥವನೇ. ಹಳೇ ಅಂಗಿಯೊಳಗೆ ತೆಂಗಿನ ನಾರು ಬಿಗಿಯಾಗಿ ತುಂಬಿ ಅವಳೇ ಹೊಲಿದದ್ದು. ಅಂಗಿ ಶಂಭುಲಿಂಗನ ಕಂಡಕ್ಟರ್ ಅಂಗಿ ಎಂದು ಬೇರೆ ಹೇಳಬೇಕಾಗಿಲ್ಲ. ಮಷಿನ್ನು ಎಂದರೆ ಬಿಸ್ಕತ್ತಿನ ಖಾಲಿ ಡಬ್ಬ. ಮಷಿನ್ನಿನ ಮಾತನ್ನು ಭಾಗೀರಥಿಯೇ ಆಡುತ್ತಿದ್ದಳು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಎಲ್ಲೋ ನೆಟ್ಟು, "ಪ್ಯಾಡುಗಳನ್ನು ಅಂಟಿಸಿ. ಯಾರೂ ಮುಟ್ಟಬೇಡಿ. ಈಗ ಏಟು ಕೊಡಲಾಗುವುದು," ಎನ್ನುವಾಗ ಹೆಂಗಸರು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದರು.

ಪ್ಯಾಡನ್ನು ಮಾತ್ರ ಬೆರ್ಚಪ್ಪನಿಗೆ ಹಚ್ಚಿ ಪ್ರಯೋಜನವಿರಲಿಲ್ಲ. ಬಟ್ಟೆಗೆ ಹಚ್ಚಿ ಕಲಿತವರು ನಾಳೆ ಅಂಗಿಯ ಮೇಲೇ ಹಚ್ಚುತ್ತಾರೆ. ಬರಿ ಮೈಯೇ ಆಗಬೇಕು. ಆದರೆ ಸತ್ತವನ ಹಾಗೆ ಮಲಗಲು ಯಾರು ಒಪ್ಪುತ್ತಾರೆ? ಅಪ್ಪ ಅಮ್ಮ ಬದುಕಿರುವವರು ಹಾಗೆ ಮಲಗಬಾರದು ಎಂದು ಒಬ್ಬರು, ಇವತ್ತು ಅಮಾವಾಸ್ಯೆ ಎಂದು ಮತ್ತೊಬ್ಬರು, ಮೊನ್ನೆಯಷ್ಟೇ ಮನೆಯಲ್ಲಿ ಸೂತಕ ಕಳೆದಿದೆ ಎಂದು ಇನ್ನೊಬ್ಬರು. ತಲೆ ಯಾವ ದಿಕ್ಕಿಗೆ ಹಾಕುವುದು ಎಂಬುದರ ಮೇಲೆಯೇ ಒಮ್ಮೆ ಅರ್ಧ ಪಾಠ ಮುಗಿದುಹೋಯಿತು. ಕಡೆಗೆ ಚೀಲ ಹೊತ್ತು ಬಂದಿದ್ದ ಶಂಭುಲಿಂಗ ಅಂಗಿ ಬಿಚ್ಚಿದ. "ಜೀವಮಾನ ಪೂರ್ತಿ ಬಸ್ಸಲ್ಲಿ ನಿಂತದ್ದೇ ಆತು. ಮನಿಕ್ಯಳ ಕೆಲಸ ಕೊಟ್ರೆ ಆನು ಬ್ಯಾಡ ಹೇಳ್ತ್ನಿಲ್ಲೆ," ಎಂದು ಚಾಪೆಯ ಮೇಲೆ ಉದ್ದಕ್ಕೆ ಒರಗಿದ. ಅಂದಿನಿಂದ ಮೂರು ತಾಲೂಕಿಗೆ ಅವನೇ ಹೆಣ.

ಹೆಣವಾಗಿ ಅವನಲ್ಲಿ ಎರಡು ದೋಷಗಳಿದ್ದವು. ಮೊದಲನೆಯದು ಬಾಯಿ. "ಹ್ವಾ, ಉಸಿರು ಕಾಣ್ತು. ಸ್ವಲ್ಪ ಕಮ್ಮಿ ತಗಳಿ," ಎಂದು ಭಾಗೀರಥಿ ಗದರಿದರೆ, ಕಣ್ಣು ಮುಚ್ಚಿಕೊಂಡೇ ಹೆಣ ಹೇಳುತ್ತಿತ್ತು, "ಉಸಿರಾದ್ರೂ ಹೊಸಾದು ತಗಳ್ಳಲೆ ಬಿಡೇ ಮಾರಾಯ್ತಿ."

ಎರಡನೆಯದು ಕಚಗುಳಿ. ಒಂದು ಪ್ಯಾಡು ಬಲಗಡೆ ಕೊರಳೆಲುಬಿನ ಕೆಳಗೆ, ಅಲ್ಲಿ ತೊಂದರೆಯಿಲ್ಲ. ಇನ್ನೊಂದು ಎಡಗಡೆ ಕಂಕುಳ ಕೆಳಗೆ. ಅಲ್ಲಿಗೆ ಕೈ ಹೋಗುವುದೇ ತಡ, ಅವನ ಹೊಟ್ಟೆ ಕುಲುಕಲು ಶುರುವಾಗಿ, ತುಟಿ ಬಿಗಿಹಿಡಿದು, ಮೂಗಿನಿಂದ ಖಿಕ್ ಎಂದು ಒಂದು ಸದ್ದು ಬಂದು, ಆಮೇಲೆ ಮುದುಡಿ ಮಗ್ಗುಲಿಗೆ ಉರುಳುತ್ತಿದ್ದ. "ಎಂತ ಮಾಡ್ಲಿ, ಕಚಗುಳಿ ಆಗ್ತು." ಭಾಗೀರಥಿಗೆ ರೇಗುತ್ತಿತ್ತು. "ಹ್ವಾ, ಸತ್ತವ್ವು ನಗ್ತ್ವಿಲ್ಲೆ," ಎನ್ನುತ್ತಿದ್ದಳು ಪ್ರತಿ ಸಲವೂ, ಅದೂ ಪಾಠದ ಒಂದು ಭಾಗವೋ ಎಂಬ ಹಾಗೆ. ಹೆಂಗಸರಂತೂ ಆ ಖಿಕ್ ಬರುವುದನ್ನೇ ಕಾಯುತ್ತಿದ್ದರು. ಕೆಲವರು ಪಾಠಕ್ಕೆ ಬರುತ್ತಿದ್ದದ್ದೇ ಅದಕ್ಕೆ ಎಂದರೂ ಸುಳ್ಳಲ್ಲ.

ಇನ್ನು ಆ ಪ್ಯಾಡುಗಳ ಸ್ಥಿತಿ. ಡೇಟು ಮುಗಿದದ್ದು ಎಂದು ಎಸೆಯದೆ ಪಾಠಕ್ಕೆ ತಂದದ್ದು ಸರಿ. ಆದರೆ ಪಾಠಕ್ಕೂ ಒಂದು ಮಿತಿ ಬೇಡವೇ? ಒಂದೊಂದು ಜೋಡಿಯನ್ನು ಎಷ್ಟು ಸಲ ಅಂಟಿಸಿ ಕಿತ್ತಿದ್ದಳೆಂದರೆ ಅವುಗಳ ಅಂಟೆಲ್ಲ ಶಂಭುಲಿಂಗನ ಎದೆಯಲ್ಲೇ ಉಳಿದಿತ್ತು. ಅವಳು ಒದ್ದೆ ಬಟ್ಟೆಯಿಂದ ಒರೆಸಿ, ಪ್ಲಾಸ್ಟಿಕ್ಕಿನ ಹಾಳೆಗೆ ಮತ್ತೆ ಅಂಟಿಸಿ, ಅನ್ನದ ಗಂಜಿ ಬಳಿದು, ಹಲಸಿನ ಮೇಣ ಸವರಿ ನೋಡಿದಳು. ಪೆಟ್ಟಿಗೆಯಲ್ಲಿ ಒಡೆಯದ ಪ್ಯಾಕೆಟ್ಟುಗಳು ಇನ್ನೂ ಬೇಕಾದಷ್ಟಿದ್ದವು. ಅವೂ ಡೇಟು ಮುಗಿದವೇ. ಆದರೂ ಹಳೆಯದರಲ್ಲಿ ಹೊಸದು ಎಂದು ಬೇರೆ ಇಟ್ಟಿದ್ದಳು.

ಒಮ್ಮೆ ಅರಬೈಲ್ ಘಟ್ಟದಲ್ಲಿ ಲಾರಿ ಡ್ರೈವರುಗಳಿಗೆ ಪಾಠ ಇತ್ತು. ಅಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಹಾವೇರಿ ಕಡೆಯ ಶಿವಲಿಂಗಪ್ಪ ಕುತೂಹಲದಿಂದ ಮುಂದೆಯೇ ಕುಳಿತಿದ್ದ. ಪ್ಯಾಡು ಎಷ್ಟು ಒತ್ತಿದರೂ ಜಾರಿ ಜಾರಿ ಬೀಳುತ್ತಿತ್ತು.

"ಯಕ್ಕಾರ, ಇದು ಹಂಗ ಅಂಟೂದಿಲ್ರಿ. ತಡೀರಿ, ನಮ್ಮ ಕಡೆ ಔಷಧ ಐತಿ," ಎಂದು ಅವನು ಅಂಗಡಿಗೆ ಹೋಗಿ ಟ್ಯೂಬಿಗೆ ಪ್ಯಾಚು ಹಚ್ಚುವ ಸಲ್ಯೂಷನ್ ತಂದ. "ಲಾರಿ ಟ್ಯೂಬಿಗೆ ಹಚ್ಚಿದ್ದೇ ಬಿಡೂದಿಲ್ಲ. ಹೆಗಡೇರ ಎದಿ ಯಾವ ಲೆಕ್ಕ ಬಿಡ್ರಿ."

ಬಿಡಲಿಲ್ಲ. ಶಿವಲಿಂಗಪ್ಪ ಎಳೆದ, ಡ್ರೈವರುಗಳು ಎಳೆದರು, ಶಂಭುಲಿಂಗ ತಾನೇ ಹಲ್ಲು ಕಚ್ಚಿ ಎಳೆದುಕೊಂಡ. ಕಡೆಗೆ ಪ್ಯಾಡಿನ ಮೇಲೆಯೇ ಅಂಗಿ ತೊಟ್ಟು, ವೈರು ಹೊರಗೆ ಜೋತುಬಿಟ್ಟುಕೊಂಡು ಬಸ್ಸು ಹತ್ತಿದ. ಅದನ್ನು ಕಂಡ ಕಂಡಕ್ಟರು ಗಾಬರಿಯಾಗಿ ಮುಂದಿನ ಸೀಟು ಬಿಡಿಸಿಕೊಟ್ಟ. ಯಲ್ಲಾಪುರದವರೆಗೂ ಬಸ್ಸಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ನೆನೆಸಿ ಭಾಗೀರಥಿ ಮೆಲ್ಲಗೆ ಬಿಡಿಸುವಾಗ ಎದೆಯ ಕೂದಲೂ ಕಿತ್ತು ಬಂತು. "ಅಂತೂ ಮನೇಲಿ ಹಳೇದು ಒಂದಾದ್ರೂ ಮುಗತ್ತು," ಎಂದ ಶಂಭುಲಿಂಗ, ಕಣ್ಣಲ್ಲಿ ನೀರು ತುಂಬಿಕೊಂಡೇ.

ಇಷ್ಟೇ ಆಗಿದ್ದರೆ ಇದು ನಕ್ಕು ಮರೆಯುವ ಕತೆ. ತಪ್ಪು ಆದದ್ದು ಮನ್ಮನೆ ಎಂಬ ಊರಿನಲ್ಲಿ.

ಮನ್ಮನೆಯ ಹೆಂಗಸರು ಸೇರುವ ಕೊಠಡಿಯೊಂದಿದೆ. ಹುಬ್ಬಳ್ಳಿಯಲ್ಲಿ ಪಾತ್ರೆ ವ್ಯಾಪಾರ ಮಾಡುವ ಆ ಕಡೆಯವರೊಬ್ಬರು ತಂದೆಯ ನೆನಪಿಗೆಂದು ಅಲ್ಲಿಗೆ ನಿಜವಾದ ಮಷಿನ್ನು ಕೊಟ್ಟಿದ್ದರು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಅರಿಶಿನ ಕುಂಕುಮ ಹಚ್ಚಿ, ಅದರ ಉಸ್ತುವಾರಿಯನ್ನು ಭಾಗೀರಥಿಗೆ ವಹಿಸಿದ್ದರು. ಅದರ ಪ್ಯಾಡಿನ ಡೇಟೂ ಒಂದು ದಿನ ಮುಗಿಯಿತು. ಪುಣ್ಯಾತ್ಮರು ಕೇಳಿದ ಕೂಡಲೇ ಹೊಸ ಜೋಡಿ ಕಳಿಸಿಕೊಟ್ಟರು. ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು, ಹಳೆಯದು ಪಾಠದ ಪೆಟ್ಟಿಗೆಗೆ ಹೋಗಬೇಕು. ಇದು ನರ್ಸ್ ಭಾಗೀರಥಿಗೆ ಗೊತ್ತಿಲ್ಲದ್ದಲ್ಲ. ಅವಳೇ ಊರೂರಲ್ಲಿ ಹೇಳಿಕೊಡುವ ಮಾತು. ಆದರೆ ಆ ದಿನ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡವಳು ಉಪ್ಪಿನಕಾಯಿಯ ಭಾಗೀರಥಿ. ಮಷಿನ್ನಿನೊಳಗಿನ ಹಳೇ ಪ್ಯಾಕೆಟ್ಟನ್ನು ತಿರುಗಿಸಿ ನೋಡಿದಳು. ಒಡೆದೇ ಇಲ್ಲ, ಮಿರಮಿರ ಮಿಂಚುತ್ತಿದೆ. ಡೇಟು ಮೊನ್ನೆ ಮುಗಿದರೆ ನಿನ್ನೆಯೇ ಹಾಳಾಗಿಬಿಡುತ್ತದೆಯೇ? ಇರಲಿ ಇನ್ನು ಸ್ವಲ್ಪ ದಿನ. ಹೊಸದನ್ನು ಟವೆಲ್ಲಿನಲ್ಲಿ ಸುತ್ತಿ ತನ್ನ ಚೀಲದ ಅಡಿಗೆ ಇಟ್ಟುಕೊಂಡಳು. ಮುಂದಿನ ಪಾಠದಂದು ಹಾಕುವುದು ಎಂದುಕೊಂಡಳು. ಆ ಪಾಠವೂ ಆಯಿತು, ಅದರ ಮುಂದಿನದೂ ಆಯಿತು. ಹೊಸದು ಚೀಲದಲ್ಲೇ ಬೆಚ್ಚಗಿತ್ತು.

ಪಾಠಕ್ಕೆ ಬರುವ ಹೆಂಗಸರಲ್ಲಿ ಹೊನ್ನಿ ಎಂಬವಳೊಬ್ಬಳು. ಮನ್ಮನೆಯಲ್ಲೇ ಗದ್ದೆ ಮಾಡಿಕೊಂಡಿರುವವಳು, ಕೈ ಗಟ್ಟಿ, ಮಾತು ಇನ್ನೂ ಗಟ್ಟಿ. ಬೆರ್ಚಪ್ಪನ ಎದೆ ಒತ್ತು ಎಂದರೆ ನಾರೆಲ್ಲ ಹೊಲಿಗೆ ಬಿಟ್ಟು ಹೊರಗೆ ಬರುವ ಹಾಗೆ ಒತ್ತುತ್ತಿದ್ದಳು. ಬೆರ್ಚಪ್ಪನಿಗೆ ಅವಳ ದೆಸೆಯಿಂದ ಮತ್ತೆ ಮತ್ತೆ ಹೊಲಿಗೆ ಹಾಕಬೇಕಾಗಿತ್ತು. ಮಷಿನ್ನಿನ ಧೂಳು ಒರೆಸುವಾಗ ಅವಳ ಕಣ್ಣಿಗೇ ಬಿತ್ತು.

"ಸಿಸ್ಟರಮ್ಮ, ಇದರ ಒಳಗಿಂದು ಡೇಟು ಮುಗ್ದದೆ ಅಲ್ಲ?"

"ಹೊಸದು ಬಂದದೆ, ನನ್ನ ಹತ್ತಿರ ಉಂಟು. ಹಾಕುವಾ. ಮೊದಲು ಹಳೇದು ಮುಗೀಲಿ."

"ಇದು ಹೆಂಗೆ ಮುಗೀತದೆ? ಮುಗೀಬೇಕು ಅಂದ್ರೆ ಯಾರಾದ್ರೂ ಬೀಳಬೇಕಲ್ಲ," ಎಂದಳು ಹೊನ್ನಿ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಶಂಭುಲಿಂಗ. ಭಾಗೀರಥಿಯೂ ನಕ್ಕಳು. ನಗುತ್ತಲೇ ಮನಸ್ಸಿನ ಒಂದು ಮೂಲೆಯಲ್ಲಿ, ಇವತ್ತೇ ಹಾಕಿಬಿಡಬೇಕು ಎಂದುಕೊಂಡಳು. ಆಮೇಲೆ ಚಹಾ ಬಂತು, ಬಸ್ಸಿನ ಹೊತ್ತಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಅಲ್ಲೇ ಮತ್ತೆ ಪಾಠವಿತ್ತು. ಬೆಳಿಗ್ಗೆ ಹೊರಡುವಾಗ ಶಂಭುಲಿಂಗ ಎದೆಯುರಿ ಎಂದ. ನಿನ್ನೆ ರಾತ್ರಿಯ ಊಟದ ಫಲ ಎಂದುಕೊಂಡು ಅವಳು ಜೀರಿಗೆ ಕಷಾಯ ಮಾಡಿಕೊಟ್ಟಳು. ಎದೆಯುರಿ ಎಂದವರಿಗೆ ಏನೇನು ಕೇಳಬೇಕು ಎಂದು ಊರಿಗೆಲ್ಲ ಕಲಿಸುವವಳು ಗಂಡನಿಗೆ ಒಂದನ್ನೂ ಕೇಳಲಿಲ್ಲ. ಮನೆಯವರು ಎಂದರೆ ಹಾಗೇ ಅಲ್ಲವೇ. ಬಸ್ಸಿಳಿದು ಕೊಠಡಿಗೆ ನಡೆಯುವಾಗ ಅವನು ಎರಡು ಸಲ ನಿಂತ. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಎಂತಾ ಆತು?"

"ಎಂತೂ ಇಲ್ಲೆ. ಇವತ್ತು ಮನಿಕ್ಯಳ್ಳಲೆ ಪೂರ್ತಿ ತಯಾರಾಗಿ ಬಂಜಿ ನೋಡು."

ಪಾಠ ಶುರುವಾಯಿತು. ಅವಳು ಮಲಗಿ ಎಂದು ಹೇಳುವ ಮೊದಲೇ ಅವನು ಅಂಗಿ ಬಿಚ್ಚಿ ಮಲಗಿಬಿಟ್ಟಿದ್ದ. ಇವತ್ತು ಹೆಣಕ್ಕೆ ಬಹಳ ಅವಸರ ಎಂದು ಯಾರೋ ಅಂದರು. ಭಾಗೀರಥಿ ಬಿಸ್ಕತ್ತಿನ ಡಬ್ಬವನ್ನು ಪಕ್ಕಕ್ಕೆ ಇಟ್ಟು, ಬೆನ್ನು ನೆಟ್ಟಗೆ ಮಾಡಿ ಮಷಿನ್ನಾದಳು. "ಪ್ಯಾಡುಗಳನ್ನು ಅಂಟಿಸಿ." ಬಲಗಡೆಯದನ್ನು ಹಚ್ಚಿದಳು. ಎಡಗಡೆಗೆ ಕೈ ಹೋಗುವಾಗ ಹೆಂಗಸರೆಲ್ಲ ಮುಂದಕ್ಕೆ ಬಾಗಿದರು, ಖಿಕ್ ಕೇಳಲಿಕ್ಕೆ. ಕಂಕುಳ ಕೆಳಗೆ ಪ್ಯಾಡು ಇಟ್ಟು ಅಂಗೈಯಿಂದ ಒತ್ತಿದಳು.

ಅವನು ನಗಲಿಲ್ಲ.

"ಇವತ್ತು ಹೆಗಡೇರು ಪಾಸು," ಎಂದಳು ಹೊನ್ನಿ. ಭಾಗೀರಥಿಗೂ ಒಂದು ಗಳಿಗೆ ಸಂತೋಷವೇ ಆಯಿತು. ಅಂತೂ ಇವರು ಕಲಿತರು ಎಂದುಕೊಂಡಳು. ಆದರೆ ಅವಳ ಕೈ ಅಲ್ಲೇ ನಿಂತಿತ್ತು. ಆ ಜಾಗ ಅವಳಿಗೆ ಗೊತ್ತು. ನಗು ತಡೆದುಕೊಂಡರೂ ಅಲ್ಲಿಯ ಚರ್ಮ ನಡುಗುತ್ತದೆ, ಪಕ್ಕೆಲುಬು ಒಳಕ್ಕೆ ಎಳೆದುಕೊಳ್ಳುತ್ತದೆ. ಅವಳು ಬೆರಳಿಂದ ಬೇಕೆಂದೇ ಕಚಗುಳಿ ಇಟ್ಟಳು. ಇನ್ನೊಮ್ಮೆ ಇಟ್ಟಳು. ಏನೂ ಇಲ್ಲ. "ಹ್ವಾ," ಎಂದಳು. ಅವನ ಮುಖ ನೋಡಿದಳು. ತುಟಿಯ ಬಣ್ಣ ಬೇರೆಯಾಗಿತ್ತು. ಉಸಿರು ಕಾಣುತ್ತಿರಲಿಲ್ಲ.

ಸತ್ತವರು ನಗುವುದಿಲ್ಲ ಎಂದು ಅಷ್ಟು ಊರುಗಳಲ್ಲಿ ಅಷ್ಟು ಸಲ ಹೇಳಿದ್ದ ತನ್ನದೇ ದನಿ ಅವಳ ಕಿವಿಯಲ್ಲಿ ಕೇಳಿತು.

"ಹೊನ್ನೀ, ಒತ್ತು. ಇದು ಪಾಠ ಅಲ್ಲ."

ಹೊನ್ನಿ ಮುಂದೆ ಬಂದಳು. ಮೊಣಕಾಲೂರಿ, ಎರಡೂ ಕೈ ಕೂಡಿಸಿ, ಬೆರ್ಚಪ್ಪನನ್ನು ಒತ್ತುವ ಹಾಗೆಯೇ ಒತ್ತತೊಡಗಿದಳು. ಒಬ್ಬಳು ಆಂಬ್ಯುಲೆನ್ಸಿಗೆ ಫೋನು ಹಚ್ಚಿದಳು. ಮತ್ತೊಬ್ಬಳು ಗೋಡೆಯ ಮಷಿನ್ನನ್ನು ಮೊಳೆ ಸಮೇತ ಕಿತ್ತು ತಂದಳು. ಹೇಳಿಕೊಟ್ಟದ್ದನ್ನು ಒಂದೂ ತಪ್ಪದೆ ಎಲ್ಲರೂ ಮಾಡಿದರು, ಹೇಳಿಕೊಟ್ಟವಳೊಬ್ಬಳನ್ನು ಬಿಟ್ಟು.

ಭಾಗೀರಥಿ ಪಾಠದ ಪ್ಯಾಡನ್ನು ಕಿತ್ತೆಸೆದು ಮಷಿನ್ನು ತೆರೆದಳು. ಒಳಗಿದ್ದ ಪ್ಯಾಕೆಟ್ಟನ್ನು ಒಡೆದಳು. ಅದು ಹಳೆಯದು. ಮಿರಮಿರ ಮಿಂಚುತ್ತಿದ್ದ ಆ ಪ್ಯಾಕೆಟ್ಟಿನೊಳಗೆ ಅಂಟು ಒಣಗಿ, ಅಂಚು ಸುರುಳಿಯಾಗಿತ್ತು. ಎದೆಗೆ ಇಟ್ಟರೆ ಎದ್ದು ಬಂತು. ಒತ್ತಿದಳು, ಮತ್ತೆ ಎದ್ದಿತು. ಮಷಿನ್ನಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಪ್ಯಾಡು ಸರಿಯಾಗಿ ಅಂಟಿಸಿ, ಪ್ಯಾಡು ಸರಿಯಾಗಿ ಅಂಟಿಸಿ ಎನ್ನುತ್ತಲೇ ಇದ್ದಳು. ಭಾಗೀರಥಿ ಒತ್ತುತ್ತಲೇ ಇದ್ದಳು. ಹೊಸದು ಮೊಳ ದೂರದ ಚೀಲದಲ್ಲಿದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಒಂದು ಜನ್ಮದ ಅಭ್ಯಾಸ ಕೈಯಲ್ಲಿ ಕುಳಿತಿತ್ತು. ಹಳೆಯದು ಕೈಯಲ್ಲಿರುವಾಗ ಆ ಕೈ ಹೊಸದರ ಕಡೆ ಹೋಗುವುದನ್ನು ಕಲಿತೇ ಇರಲಿಲ್ಲ.

"ಸಿಸ್ಟರಮ್ಮಾ," ಎಂದಳು ಹೊನ್ನಿ ಒತ್ತುತ್ತಲೇ, ಉಸಿರು ಕಟ್ಟಿಕೊಂಡು. "ಹೊಸದು ತೆಗೀರಿ. ಹಳೇದು ಮುಗೀತು."

ಆಗ ಎಚ್ಚರವಾಯಿತು. ಚೀಲವನ್ನು ನೆಲಕ್ಕೆ ಸುರಿದಳು. ಟವೆಲ್ಲು ಬಿಚ್ಚಿದಳು. ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದಳು. ಹೊಸ ಪ್ಯಾಡು ಎದೆಗೆ ತಾಗಿದ್ದೇ ಕಚ್ಚಿಕೊಂಡಿತು. ಬಲಗಡೆ ಒಂದು, ಎಡಗಡೆ ಕಂಕುಳ ಕೆಳಗೆ ಒಂದು. ವೈರು ಸಿಕ್ಕಿಸಿದಳು. ಮಷಿನ್ನು ಸುಮ್ಮನಾಯಿತು. ಆಮೇಲೆ ಬೇರೆ ಮಾತಾಡಿತು. ಎಲ್ಲ ಊರುಗಳಲ್ಲಿ ಆ ಮಾತನ್ನು ಕನ್ನಡದಲ್ಲಿ ಆಡಿದ್ದವಳು ಈಗ ಗಂಡನ ಮುಖವನ್ನೇ ನೋಡುತ್ತಿದ್ದಳು. ಹೊನ್ನಿಯೇ ಕೈಯೆತ್ತಿ ಹಿಂದೆ ಸರಿದು ಹೇಳಿದಳು, "ಯಾರೂ ಮುಟ್ಟಬ್ಯಾಡಿ."

ಶಂಭುಲಿಂಗನ ಮೈ ಒಮ್ಮೆ ಜಿಗಿದು ಬಿತ್ತು. ಹೊನ್ನಿ ಮತ್ತೆ ಒತ್ತಲು ಬಾಗಿದಳು. ಸ್ವಲ್ಪ ಹೊತ್ತಿಗೆ ಅವನ ಗಂಟಲಿನಿಂದ ಗೊರ್ ಎಂದು ಒಂದು ಉಸಿರು ಬಂತು, ಆಮೇಲೆ ಇನ್ನೊಂದು. ಒತ್ತುವ ಕೈಯನ್ನು ಅವನ ಕೈ ಮೆಲ್ಲಗೆ ತಳ್ಳಿತು. ಭಾಗೀರಥಿ ಅವನ ಕತ್ತಿಗೆ ಬೆರಳಿಟ್ಟು ನಾಡಿ ನೋಡಿದಳು. ಸಿಕ್ಕಿದ ಮೇಲೂ ಬೆರಳು ತೆಗೆಯಲಿಲ್ಲ. ಆಂಬ್ಯುಲೆನ್ಸಿನಲ್ಲಿ ಶಿರಸಿಯವರೆಗೂ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಜೀವಕ್ಕೆ ಈಗ ಭಯವಿಲ್ಲ, ಆದರೆ ಸ್ವಲ್ಪ ಹೊತ್ತು ರಕ್ತ ಓಡದೆ ಇದ್ದುದರಿಂದ ತಲೆ ಹೇಗಿದೆ ಎಂಬುದನ್ನು ಕಾದು ನೋಡಬೇಕು ಎಂದರು. ಅವನು ಕಣ್ಣು ಬಿಟ್ಟ. ಆದರೆ ಆ ಕಣ್ಣು ಭಾಗೀರಥಿಯ ಮುಖದ ಮೇಲೆ ನಿಲ್ಲದೆ ಎಲ್ಲೋ ಹೋಗುತ್ತಿತ್ತು. ನರ್ಸುಗಳು ಹತ್ತಿರ ಬಂದರೆ, "ಯಲ್ಲಾಪುರನಾ?" ಎಂದು ಕೇಳುತ್ತಿದ್ದ. ಚಿಲ್ಲರೆ ಕೊಡಿ ಎನ್ನುತ್ತಿದ್ದ. ಎಳೆ ವಯಸ್ಸಿನ ಆ ಹುಡುಗಿಯರಿಗೆ ನಗು. ಭಾಗೀರಥಿಗೆ ನಗು ಬರಲಿಲ್ಲ. ಇಂಥವರನ್ನು ಅವಳು ತನ್ನ ಕೆಲಸದ ಕಾಲದಲ್ಲಿ ಬಹಳ ಕಂಡಿದ್ದಳು. ಕೆಲವರು ಅಲ್ಲಿಂದ ಹಿಂದೆ ಬರುವುದೇ ಇಲ್ಲ. ಮೈ ಮನೆಗೆ ಬರುತ್ತದೆ, ಮನುಷ್ಯ ಬರುವುದಿಲ್ಲ. ತಾನು ಹಳೇ ಪ್ಯಾಡನ್ನು ಒತ್ತುತ್ತ ಕುಳಿತ ಆ ಹೊತ್ತು ಎಷ್ಟು ಎಂದು ಅವಳು ಲೆಕ್ಕ ಹಾಕಲು ಹೋಗುತ್ತಿದ್ದಳು, ಹೆದರಿ ಅರ್ಧಕ್ಕೆ ಬಿಡುತ್ತಿದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದು ಮಾತಾದರೂ ಕೀಟಲೆಯದು ಆಡಲಿ ಎಂದು ಕಾಯುತ್ತಿದ್ದಳು. ಯಾವ ಬಾಯನ್ನು ಮುಚ್ಚಿಸಲು ಇಡೀ ಸಂಸಾರ ಕಳೆದಿದ್ದಳೋ ಆ ಬಾಯಿಗಾಗಿ ಕಂಡ ದೇವರಿಗೆಲ್ಲ ಹರಕೆ ಹೊತ್ತಳು.

ಮಾರನೇ ದಿನ ಬೆಳಿಗ್ಗೆ ಇಸಿಜಿ ತೆಗೆಯಲು ಒಬ್ಬಳು ಹುಡುಗಿ ಬಂದಳು. ದಿವ್ಯಾ ಎಂದು ಅಂಗಿಯ ಮೇಲೆ ಹೆಸರಿತ್ತು. ಶಂಭುಲಿಂಗನ ಅಂಗಿ ಸರಿಸಿ, ತಣ್ಣನೆಯ ಜೆಲ್ಲು ಹಚ್ಚುತ್ತ, ಎದೆಯ ನಡುವಿನಿಂದ ಒಂದೊಂದೇ ವೈರು ಜೋಡಿಸುತ್ತ ಎಡಗಡೆಗೆ ಬಂದಳು. ಕಂಕುಳ ಕೆಳಗೆ ಬೆರಳು ತಾಗಿತು.

ಖಿಕ್.

ಭಾಗೀರಥಿ ಸ್ಟೂಲಿನಿಂದ ಎದ್ದು ನಿಂತಳು. ಹುಡುಗಿ ಇನ್ನೊಮ್ಮೆ ಕೈ ಹಾಕಿದಳು. ಅವನ ಹೊಟ್ಟೆ ಕುಲುಕಿತು, ತುಟಿ ಬಿಗಿಯಿತು, ಮೂಗಿನಿಂದ ಸದ್ದು ಬಂತು. "ಅಲ್ಲಾಡಬೇಡಿ ಅಜ್ಜ, ಗ್ರಾಫ್ ಕೆಡ್ತದೆ," ಎಂದಳು ಹುಡುಗಿ.

"ಎಂತ ಮಾಡ್ಲಿ," ಎಂದ ಶಂಭುಲಿಂಗ ಕ್ಷೀಣವಾಗಿ, "ಕಚಗುಳಿ ಆಗ್ತು." ಮತ್ತೆ ಕಣ್ಣು ಹೊರಳಿಸಿ ಹೆಂಡತಿಯನ್ನು ನೆಟ್ಟಗೆ ನೋಡಿ, ಬೈಸಿಕೊಳ್ಳಲು ತಯಾರಾದವನ ಹಾಗೆ ಮುಖ ಮಾಡಿದ.

"ನಗಿ," ಎಂದಳು ಭಾಗೀರಥಿ. "ಎಷ್ಟು ಬೇಕಾರೂ ನಗಿ." ಅಷ್ಟು ಹೇಳುವಷ್ಟರಲ್ಲಿ ಅವಳು ಅಳುತ್ತಿದ್ದಳು. ಅಷ್ಟು ವರ್ಷ ಆಸ್ಪತ್ರೆಯಲ್ಲಿ ಯಾರ ಮುಂದೆಯೂ ಅಳದವಳು ಆ ಹುಡುಗಿಯ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ದಿವ್ಯಾಗೆ ಗ್ರಾಫ್ ತೆಗೆಯಲು ಆ ಬೆಳಿಗ್ಗೆ ಬಹಳ ಹೊತ್ತು ಹಿಡಿಯಿತು.

ಈಗ ಮನ್ಮನೆಯ ಮಷಿನ್ನಿನಲ್ಲಿ ಸದಾ ಹೊಸ ಪ್ಯಾಡು ಇರುತ್ತದೆ. ಪಾಠದ ಪ್ಯಾಡುಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ ದಪ್ಪಗೆ ಗೀಟು ಎಳೆದು ಬೇರೆ ಡಬ್ಬದಲ್ಲಿ ಇಟ್ಟಿದ್ದಾಳೆ. ಆ ಡಬ್ಬವೂ ಮಷಿನ್ನಿನ ಹೊಸ ಪ್ಯಾಡೂ ಒಂದೇ ಚೀಲಕ್ಕೆ ಹೋಗುವುದಿಲ್ಲ. ಡೇಟು ನೋಡುವ ಜವಾಬ್ದಾರಿಯನ್ನು ಹೊನ್ನಿಗೆ ಒಪ್ಪಿಸಿದ್ದಾಳೆ. ಹೊನ್ನಿ ಈಗ ಭಾಗೀರಥಿಯನ್ನೇ ಗದರುತ್ತಾಳೆ. ಮಲಗಲು ಮಾತ್ರ ಶಂಭುಲಿಂಗನಿಗೆ ಅಪ್ಪಣೆಯಿಲ್ಲ. ಅವನು ಮಷಿನ್ನಿನ ಮಾತಾಡುತ್ತಾನೆ. "ಯಾರೂ ಮುಟ್ಟಬೇಡಿ" ಆದ ಮೇಲೆ "ರೈಟ್, ಹೋಗ್ಲಿ" ಎಂದು ತಾನೇ ಸೇರಿಸುತ್ತಾನೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನದ ಮಾತು ಒಂದು ಉಳಿದಿದೆ. ಊಟಕ್ಕೆ ಕೂತಾಗ ಶಂಭುಲಿಂಗ ಕೇಳಿದ, "ಹೊನ್ನಿ ಹೇಳ್ತು, ಹೊಸ ಪ್ಯಾಕೆಟ್ಟು ಒಡದ್ಯಡ?"

"ಒಡದೆ."

"ಯಂಗೆ ಹೇಳಿ?" ಎಂದ, ತನಗೋಸ್ಕರವೇ ಎಂದು ನಂಬದವನ ಹಾಗೆ ಎದೆ ಮುಟ್ಟಿಕೊಂಡು.

"ಹ್ಞೂಂ."

"ಮದುವೆ ಆದಲ್ಲಿಂದ ನೀನು ಯಂಗೆ ಹೊಸಾದು ಕೊಟ್ಟದ್ದು ಇದೇ ಮೊದಲು. ಆ ಹೊತ್ತಿಗೆ ಎಚ್ಚರ ಇರ್ದೇ ಹೋತಲೆ."

ಭಾಗೀರಥಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಈ ವರ್ಷದ ಮಾವಿನಮಿಡಿಯ ಭರಣಿ ಇತ್ತು. ಅವನ ಮುಂದೆಯೇ ಕುಳಿತು, ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಘಮ್ಮೆಂದು ಪರಿಮಳ ಅಡುಗೆಮನೆ ತುಂಬಿತು. ಡಾಕ್ಟರು ಉಪ್ಪಿನಕಾಯಿ ಮುಟ್ಟಲೇಬಾರದು ಎಂದು ಎರಡೆರಡು ಸಲ ಹೇಳಿ ಕಳಿಸಿದ್ದರು.

"ಯಂಗೆ ತಿಂಬಲೆ ಇಲ್ಲೆ ಹೇಳಿ ಆದ ಮೇಲೆ ತೆಗದ್ಯಲೇ ಮಾರಾಯ್ತಿ," ಎಂದ ಶಂಭುಲಿಂಗ. "ಹಳೇದು ಇನ್ನೂ ಮುಗದ್ದಿಲ್ಲೆ ಅಲ್ದನೆ?"

ಅವಳು ಬೆರಳ ತುದಿಯಲ್ಲಿ ಒಂದು ಹನಿ ರಸ ತೆಗೆದು ಅವನ ಅನ್ನದ ಅಂಚಿಗೆ ತಾಗಿಸಿದಳು.

"ಹಳೇದು ಮನೇಲಿ ನಿಂಗ ಒಬ್ರು ಇದ್ರೆ ಸಾಕು," ಎಂದಳು.